ಇನ್ನಾಸಿಯ ಬಲೆಯ ಬಾವುಟ

ಮಾರ್ಚ್ ಹನ್ನೆರಡರ ಬೆಳಿಗ್ಗೆ ಆರೂವರೆಗೆ ರೋಸಮ್ಮಾಳ್ ಆಲಂತುರೈ ಠಾಣೆಯ ಬಾಗಿಲಲ್ಲಿ ನಿಂತಳು. ಒಳಗೆ ಕಾಲಿಡಲು ಹೆದರಿಕೆ. ಹಿಂದಿನ ದಿನವಷ್ಟೇ ಇದೇ ಪೊಲೀಸರು ಮೀನುಗಾರರ ಕೇರಿಗೆ ನುಗ್ಗಿ, ಹೊಸ ಬಂದರು ಬೇಡವೆಂದು ಮನೆಮನೆಯ ಮೇಲೆ ಕಟ್ಟಿದ್ದ ಕಪ್ಪು ಬಾವುಟಗಳನ್ನು ಕಿತ್ತೊಯ್ದಿದ್ದರು. ಅಡಿಗಲ್ಲು ಹಾಕಲು ಬಂದ ಮಂತ್ರಿಗಳ ಕಣ್ಣಿಗೆ ಬೀಳಬಾರದಂತೆ.

"ನನ್ನ ಗಂಡ ಸವರಿಯಪ್ಪನ್ ರಾತ್ರಿ ಕಡಲಿಂದ ಬರಲೇ ಇಲ್ಲ ಅಯ್ಯಾ."

ಇನ್‌ಸ್ಪೆಕ್ಟರ್ ಎಸಕ್ಕಿರಾಜ್ ಎಫ್‌ಐಆರ್ ದಾಖಲಿಸಿ ಹುಡುಕಲು ದೋಣಿ ಕಳಿಸಿದ. ಮಧ್ಯಾಹ್ನ ಮಗುಚಿದ ದೋಣಿ ಸಿಕ್ಕಿತು. ಎಂಜಿನ್ನಿನ ರೆಕ್ಕೆಗೆ ಬಲೆ ಸುತ್ತಿಕೊಂಡಿತ್ತು. ಅದೇ ಬಲೆಯೊಳಗೆ ಸವರಿಯಪ್ಪನ ಶವ.

ದಡದಲ್ಲೇ ಪಂಚನಾಮೆ ನಡೆಯಿತು. ಬಲೆ ಅದೇ ಕೇರಿಯ ಮೀನುಗಾರ ಇನ್ನಾಸಿಯದು. ಎಸಕ್ಕಿರಾಜ್ ಅವನನ್ನು ಕರೆಸಿದ.

"ಬೇರೆ ದೋಣಿಗೆ ಕಾಣೋ ಹಾಗೆ ಗುರುತು ಹಾಕದೆ ಬಲೆ ಬಿಟ್ಟಿದ್ದೀಯ. ನೀನೇ ಒಳಗೆ ಹೋಗ್ತೀಯ."

"ಹಾಕಿದ್ದೆ ಅಯ್ಯಾ. ಬಿದಿರಿಗೆ ಕಪ್ಪು ಬಾವುಟ."

"ಕಪ್ಪೇ ಯಾಕೆ? ಬಂದರಿಗೆ ವಿರೋಧಾನಾ?"

ಇನ್ನಾಸಿ ಕೈಮುಗಿದ. "ಮೀನಿಗೆ ಯಾವ ಪಾರ್ಟಿ ಅಯ್ಯಾ? ಬಿಳೀದು ನೊರೇಲಿ ಕಾಣಲ್ಲ. ನಮ್ಮಪ್ಪನ ಕಾಲದಿಂದ್ಲೂ ಕಪ್ಪೇ."

"ಸುಳ್ಳು ಬೊಗಳಬೇಡ್ವೋ!" ಹೆಡ್ ಕಾನ್‌ಸ್ಟೆಬಲ್ ಸುಡಲೈಮಣಿ ಗದರಿದ. ದನಿ ಅಗತ್ಯಕ್ಕಿಂತ ಜೋರಾಗಿತ್ತು.

ಎಸಕ್ಕಿರಾಜ್ ಬಲೆಯ ಅಂಚಿನ ಬಿದಿರನ್ನು ಎಳೆದು ನೋಡಿದ. ಅದು ಮುರಿದಿರಲಿಲ್ಲ. ಕತ್ತಿಯಿಂದ ಯಾರೋ ಕಡಿದಿದ್ದರು.

ಠಾಣೆಯ ಮೂಲೆಯಲ್ಲಿ ಕಿತ್ತು ತಂದ ಬಾವುಟಗಳ ರಾಶಿ. ಹಳೇ ಸೀರೆ, ಲುಂಗಿ, ಹರಿದ ಕೊಡೆಯ ಬಟ್ಟೆ. ಅಡಿಯಲ್ಲೊಂದು ಉಪ್ಪು ಹಿಡಿದು ಸೆಟೆದಿತ್ತು, ಮೀನಿನ ವಾಸನೆ. ಅದರ ಬಿದಿರನ್ನು ಬಲೆಯ ಬಿದಿರಿಗಿಟ್ಟರೆ ಎರಡೂ ಕೂಡಿಕೊಂಡವು.

"ಮಣಿ, ನಿನ್ನೆ ಬಾವುಟ ಕೀಳೋಕೆ ಕಡಲಿಗೆ ಹೋದವರು ಯಾರು?"

ಸುಡಲೈಮಣಿ ಟೋಪಿ ತೆಗೆದ. "ನಾನೇ ಸಾರ್. ವೇದಿಕೆಯಿಂದ ನೇರ ಕಣ್ಣಿಗೆ ಹೊಡೀತಿತ್ತು. ಬಲೆ ಗುರುತು ಅಂತ ನಂಗೊತ್ತು. ಮಂತ್ರಿಗಳಿಗೆ ಗೊತ್ತಿರುತ್ತಾ?"

"ಇನ್ನಾಸಿಗೆ ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ರೆ ಮತ್ತೆ ಕಟ್ಟೋನು. ಒಂದೂ ಕಾಣಕೂಡದು ಅಂದೋರು ನೀವೇ ಅಲ್ವಾ ಸಾರ್?"

ಹೇಳಿಕೆ ಬರೆಯುತ್ತಿದ್ದ ಪೇದೆಯ ಪೆನ್ನು ನಿಂತಿತು.

"ಅದನ್ನೂ ಬರಿ," ಎಂದ ಎಸಕ್ಕಿರಾಜ್.

ಸಂಜೆ ಐದಕ್ಕೆ ಸುಡಲೈಮಣಿಯ ಬಂಧನವಾಯಿತು. ಹೋದ ವರ್ಷ ಮಂತ್ರಿಗಳ ದಾರಿಯಲ್ಲಿ ಯಾರೋ ಕಪ್ಪು ಕೊಡೆ ಬಿಚ್ಚಿದರೆಂದು ಅವನ ಜೊತೆಗಾರ ಅಮಾನತಾಗಿದ್ದ. ಅಂದಿನಿಂದ ಕಪ್ಪು ಕಂಡರೆ ಇವನ ಜೀವ ಬಾಯಿಗೆ ಬರುತ್ತಿತ್ತು. ಬಡವರ ಬಟ್ಟೆ ಚೂರಿಗೆ ಬೆದರುವವರು ಮೇಲೆ ಕುಳಿತಿದ್ದರು. ಅವರ ಅಂಜಿಕೆ ಒಂದೊಂದೇ ಹುದ್ದೆ ಇಳಿದು ಬಂದು ಇವನ ಕೈಯಲ್ಲಿ ಕತ್ತಿಯಾಗಿತ್ತು.

ಕತ್ತಲಾಗುವ ಮುಂಚೆ ರೋಸಮ್ಮಾಳ್ ಮನೆಯ ಮುಂದೆ ಸಾವಿನ ಕಪ್ಪು ಬಾವುಟ ಕಟ್ಟಿದಳು. ಠಾಣೆಯ ಫೋನು ಹೊಡೆದುಕೊಂಡಿತು. ಮೇಲಧಿಕಾರಿಯ ದನಿ.

"ನಾಳೆ ಮಂತ್ರಿಗಳು ಸಮಾಧಾನ ಹೇಳೋಕೆ ಬರ್ತಾರೆ. ಆ ಮನೆ ಮುಂದೆ ಏನೋ ಕಪ್ಪಗೆ ಕಾಣ್ತಿದ್ಯಂತೆ?"

ಎಸಕ್ಕಿರಾಜ್ ಫೋನನ್ನು ಕಿವಿಗೆ ಒತ್ತಿಕೊಂಡ.

"ಹೌದು ಸಾರ್," ಎಂದ. ದನಿ ನಡುಗಿತು. "ಕಾಣಲಿ."