ಎರಡನೇ ಲೋಟ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ದುರುಗೇಶ್ ಉಷಾರಾಣಿಯ ಮೇಜಿನ ಮೇಲಿದ್ದ ಎರಡನೇ ಲೋಟದ ನೀರು ಕುಡಿದ.

ನ್ಯಾಮತಿಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದ. ಹೊನ್ನಾಳಿಯ ಆ ಕಚೇರಿ ಟೈರ್ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿ ಬಂದವನೇ ಪಕ್ಕದ ಮೇಜಿಗೆ ಕೈ ಚಾಚಿದ. ತಡೆಯುವ ಮಾತು ಉಷಾರಾಣಿಯ ಬಾಯಿಗೆ ಬರುವಷ್ಟರಲ್ಲಿ ಸ್ಟೀಲ್ ಲೋಟ ಖಾಲಿಯಾಗಿತ್ತು.

"ಥ್ಯಾಂಕ್ಸ್ ರೀ. ಪಕ್ಕದಾಗೆ ಕೂತು ಏಳು ತಿಂಗಳಾತು, ಇವತ್ತು ಕರುಣೆ ಬಂತು ನಿಮಗೆ."

"ಅದು ನಿಮಗಲ್ಲ."

"ಮತ್ತೆ ಯಾರಿಗೆ? ನಿಮ್ಮದು ಆ ಕಡೆ ಐತಲ್ಲ."

"ಯಾರಿಗಾದ್ರೂ ಆಗ್ಲಿ. ನಿಮಗಲ್ಲ."

"ದುರುಗೇಶ್, ಕುಡಿದ ನೀರು ವಾಪಸ್ ಕೇಳೋ ಮುಂಚೆ ಓಡಿ ಹೋಗಪ್ಪ," ಎಂದರು ಕಚೇರಿ ನೋಡಿಕೊಳ್ಳುತ್ತಿದ್ದ ಪ್ರಮೀಳಾ ಮೇಡಂ. ಎಲ್ಲರೂ ನಕ್ಕರು. ಉಷಾರಾಣಿ ನಗಲಿಲ್ಲ. ಅವನು ಅವಳ ಮುಖ ನೋಡಿದ. ಲೋಟವನ್ನು ಮೆಲ್ಲಗೆ, ಸದ್ದಾಗದಂತೆ, ಇದ್ದ ಜಾಗದಲ್ಲೇ ಇಟ್ಟ.

ಈ ಭಾಗದ ಜನ ಆಡುವ ಕನ್ನಡವನ್ನು ಕಂಪ್ಯೂಟರಿಗೆ ಕಲಿಸುವುದು ಅವರ ಕೆಲಸ. ಊರೂರು ಸುತ್ತಿ ರೆಕಾರ್ಡ್ ಮಾಡಿ ತಂದ ಮಾತಿನ ತುಣುಕುಗಳನ್ನು ಕೇಳಿ, ಕೇಳಿಸಿದ್ದನ್ನೆಲ್ಲ ಒಂದೂ ಬಿಡದೆ ಟೈಪ್ ಮಾಡಬೇಕು. ಪ್ರತಿ ತುಣುಕನ್ನೂ ಇಬ್ಬರು ಕೇಳುತ್ತಾರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಿಸುವುದಿಲ್ಲ. ಎರಡೂ ಹೊಂದಿದರೆ ತುಣುಕು ಮುಗಿದಂತೆ. ಮತ್ತೆ ಯಾರಿಗೂ ತೆರೆಯುವುದಿಲ್ಲ. ಹೊಂದದಿದ್ದರೆ ಪೆಂಡಿಂಗ್ ಪಟ್ಟಿಯಲ್ಲಿ ಉಳಿಯುತ್ತದೆ. ಉಷಾರಾಣಿಗೆ ಜೋಡಿಯಾಗಿ ಕೇಳುವವನು ದುರುಗೇಶ್. ಕಚೇರಿಯಲ್ಲಿ ಅವನನ್ನು ಅವಳ ಎರಡನೇ ಕಿವಿ ಎನ್ನುತ್ತಿದ್ದರು.

ಅವರಿಬ್ಬರ ಪೆಂಡಿಂಗ್ ಪಟ್ಟಿಯಲ್ಲಿ ಬಹಳ ದಿನದಿಂದ ಇದ್ದದ್ದು ಒಂದೇ ತುಣುಕು. ನಂಬರ್ 4117. ಹನ್ನೊಂದು ಸೆಕೆಂಡು.

ಅದರಲ್ಲಿ ಒಬ್ಬ ಗಂಡಸು ವಾಕ್ಯ ಬರೆದ ಕಾರ್ಡ್ ನೋಡಿ ಓದುತ್ತಾನೆ: "ಸಂತೆ ದಿನ ಬಸ್ಸು ಬೇಗ ಬರ್ತೈತೆ." ಆಮೇಲೆ ಗಾಳಿಯ ಸದ್ದು. ಆಮೇಲೆ ಅದೇ ದನಿ, ಸ್ವಲ್ಪ ಒಣಗಿ: "ನೀರು ಕೊಡು ಉಷಾ."

ಅವನು ಕೆಂಚೇಶ್. ಎರಡು ವರ್ಷದ ಹಿಂದೆ, ಏಪ್ರಿಲ್ ಬಿಸಿಲಿನಲ್ಲಿ, ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಅವನ ದನಿ ರೆಕಾರ್ಡ್ ಮಾಡಿದ್ದು ಉಷಾರಾಣಿಯೇ. ಜೂನ್‌ಗೆ ಇಬ್ಬರ ಮದುವೆ ನಿಶ್ಚಯವಾಗಿತ್ತು. ಒಟ್ಟು ನಲವತ್ತು ವಾಕ್ಯ, ಇದು ಮೂವತ್ತೊಂಬತ್ತನೆಯದು. "ಸುಮ್ನೆ ಇನ್ನೊಂದು ಓದು, ಆಮೇಲೆ ಕೊಡ್ತೀನಿ," ಎಂದಿದ್ದಳು. ನಲವತ್ತನೆಯದು ಮುಗಿಯುವ ಹೊತ್ತಿಗೆ ಜಗಳೂರಿನ ಬಸ್ಸು ಹಾರ್ನ್ ಹೊಡೆಯಿತು. ಅವನು ನೀರು ಕುಡಿಯದೆಯೇ ನಗುತ್ತ ಓಡಿ ಹತ್ತಿಕೊಂಡ. ಮೂರನೇ ದಿನ ಅವನ ಬೈಕು ತಿರುವಿನಲ್ಲಿ ಜಾರಿತು. ಅವನು ಉಳಿಯಲಿಲ್ಲ.

ಅಂದಿನಿಂದ ಪ್ರತಿದಿನ ಒಂಬತ್ತಕ್ಕೆ ಅವಳು ಆ ತುಣುಕನ್ನು ಒಂದು ಸಲ ಕೇಳಿ, ಎದ್ದು ಹೋಗಿ ಲೋಟ ತುಂಬಿಸಿ ತರುತ್ತಾಳೆ. ಟೈಪ್ ಮಾಡುವಾಗ ಸಂತೆಯ ವಾಕ್ಯ ಮಾತ್ರ ಬರೆಯುತ್ತಾಳೆ. ಕೊನೆಯ ಮೂರು ಪದ ಬರೆದರೆ ದುರುಗೇಶ್ ಬರೆದದ್ದಕ್ಕೆ ಹೊಂದುತ್ತದೆ. ಹೊಂದಿದರೆ ದನಿ ಮುಚ್ಚಿಹೋಗುತ್ತದೆ.

ಸಂಜೆಗೆ ಲೋಟದ ನೀರು ಕಡಿಮೆಯಾದಂತೆ ಕಾಣುತ್ತಿತ್ತು. ಅವಳು ಊಹೆ ನಂಬುವವಳಲ್ಲ. ಒಂದು ದಿನ ಒಳಗಡೆ ಪೆನ್ನಿನಿಂದ ಗೆರೆ ಎಳೆದು ನೋಡಿದ್ದಳು. ಕೂದಲೆಳೆಯಷ್ಟು ಇಳಿದಿತ್ತು. ಫ್ಯಾನ್ ಗಾಳಿಗೆ ಆರಿರಬೇಕು ಎಂದುಕೊಂಡಳು. ಮತ್ತೆ ಗೆರೆ ಎಳೆಯಲಿಲ್ಲ.

ಅವತ್ತು ಹನ್ನೊಂದಕ್ಕೆ ಪ್ರಮೀಳಾ ಮೇಡಂ ಕಂಪನಿಯ ಪತ್ರ ಓದಿದರು. ಮೂವತ್ತನೇ ತಾರೀಖು ಹೊನ್ನಾಳಿ ಕಚೇರಿ ಮುಚ್ಚುತ್ತದೆ. ನೌಕರರಾಗಿಯೇ ಉಳಿಯುವವರು ದಾವಣಗೆರೆ ಕಚೇರಿಗೆ ಹೋಗಬೇಕು. ಸಂಬಳ, ಪಿಎಫ್, ಪಟ್ಟಿ, ಫೈಲು ಎಲ್ಲ ಇದ್ದಂತೆಯೇ ಇರುತ್ತವೆ. ಬೇಡವಾದವರು ಸ್ವತಂತ್ರ ಕಾಂಟ್ರಾಕ್ಟರ್ ಆಗಬಹುದು. ಸ್ವಂತ ಲ್ಯಾಪ್‌ಟಾಪ್, ಕೇಳಿದ ನಿಮಿಷಕ್ಕೆ ಇಷ್ಟು ಎಂದು ದುಡ್ಡು, ಹೊಸ ತುಣುಕು ಮಾತ್ರ. ಅರ್ಜಿ ಜೋಡಿಯಾಗಿಯೇ ಹಾಕಬೇಕು. ಹಾಕುವ ಮುಂಚೆ ಹಳೆಯ ಪೆಂಡಿಂಗ್ ಎಲ್ಲ ಮುಗಿಸಿರಬೇಕು.

"ಕೇಳಿದ್ರಾ?" ದುರುಗೇಶ್ ಬಗ್ಗಿ ಹೇಳಿದ. "ನಮ್ಮದು ಇರೋದೇ ಒಂದು. 4117. ನನ್ನ ಕಿವಿ ಮೇಲೆ ಅಷ್ಟು ಅನುಮಾನ ಇದ್ರೆ ಡಾಕ್ಟ್ರ ಹತ್ರ ಹೋಗಿ ಬರ್ತೀನಿ ಬಿಡ್ರಿ."

ಅವಳು ಮುಂದಿನ ತುಣುಕು ತೆರೆದಳು. ಮಧ್ಯಾಹ್ನ ಅವನು ಹೆಡ್‌ಫೋನ್ ಹಾಕಿ ಬಹಳ ಹೊತ್ತು ಅಲುಗದೆ ಕೂತಿದ್ದನ್ನು ನೋಡಿದಳು. ಅವತ್ತು ಮತ್ತೆ ಅವನು ತಮಾಷೆ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬರುವ ಮೊದಲೇ ಎರಡನೇ ಲೋಟ ತುಂಬಿತ್ತು.

"ನಿನ್ನೆ ನಾನು ಕುಡಿದುಬಿಟ್ಟಿದ್ದೆ. ಅದಕ್ಕೆ," ಎಂದ ದುರುಗೇಶ್, ಕಣ್ಣೆತ್ತದೆ.

ಸಂಜೆ ಐದೂವರೆಗೆ ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ ಮಿರ್ಚಿ ಅಂಗಡಿಯಲ್ಲಿ ಕೂತರು. ಕರೆದದ್ದು ಅವಳೇ.

"ಉಷಾ ಅಂತ ಊರಿಗೊಬ್ರು ಇರ್ತಾರೆ ಅಂದ್ಕೊಂಡಿದ್ದೆ ರೀ," ಎಂದ. "ಏಳು ತಿಂಗಳಿಂದ ಆ ಮೂರು ಪದ ನನ್ನ ಹತ್ರನೇ ಐತೆ. ಆ ಲೋಟ ಕುಡಿದು ನಿಮ್ಮ ಮುಖ ನೋಡೋವರೆಗೂ ತಿಳೀಲಿಲ್ಲ."

ಅವಳು ಎಲ್ಲ ಹೇಳಿದಳು. ಬಿಸಿಲು, ಕಾರ್ಡ್, ಬಸ್ಸು, ಯಾವುದನ್ನೂ ಹೆಚ್ಚು ಮಾಡದೆ ಹೇಳಿದಳು. ಅವನ ಮುಂದಿದ್ದ ಮಿರ್ಚಿ ಆರಿತು.

"ಫೋನ್‌ನಾಗೆ ರೆಕಾರ್ಡ್ ಮಾಡ್ಕೊಳ್ರಿ. ನಾನು ನೋಡಿಲ್ಲ ಅಂದ್ಕೊಳ್ರಿ."

"ಬ್ಯಾಡ. ಫೋನಿಗೆ ಬಂದ್ರೆ ದಿನಪೂರ್ತಿ ಕೇಳ್ತೀನಿ. ಈಗಲೇ ಬೇರೆಯವರ ತುಣುಕು ಮುಗಿದ ಮೇಲೂ ಕಾಯ್ತೀನಿ, ಎಲ್ಲಿ ನೀರು ಕೇಳ್ತಾರೋ ಅಂತ. ಬಸ್ನಾಗೆ ಯಾರಾದ್ರೂ ಬಾಟ್ಲಿ ಮುಚ್ಚಳ ತೆಗೆದ್ರೂ ತಿರುಗಿ ನೋಡ್ತೀನಿ."

ಅವನು ಬ್ಯಾಗಿನಿಂದ ಅರ್ಜಿ ತೆಗೆದ. ಮೊದಲ ಸಾಲಿನಲ್ಲಿ ಅವನ ಹೆಸರಿತ್ತು. ಎರಡನೆಯದು ಖಾಲಿ.

"ಬೇರೆ ಹೆಸರು ಬರಿಯಾಕೆ ಕೈ ಬರ್ಲಿಲ್ಲ. ನ್ಯಾಮತಿಯಾಗೆ ನಮ್ಮ ಅತ್ತಿಗೆ ಅರ್ಪಿತಾ ಅವರ ಮನೆ ಮುಂದಿನ ಕೋಣೆ ಖಾಲಿ ಐತೆ. ಯುಪಿಎಸ್ ಐತೆ. ಗದ್ದಲ ಇಲ್ಲ."

"ರಜೆ ಇಲ್ಲ. ಪಿಎಫ್ ಇಲ್ಲ. ಜ್ವರ ಬಂದ್ರೆ ಆ ದಿನ ಸೊನ್ನೆ."

"ಜ್ವರ ಬಂದ್ರೆ ನಿಮ್ಮದೂ ನಾನೇ ಕೇಳ್ತೀನಿ."

"ಇಬ್ರದ್ದೂ ಒಬ್ರೇ ಕೇಳಿದ್ರೆ ಮೋಸ."

"ಹಂಗಾದ್ರೆ ಗಂಜಿ ಮಾಡ್ಕೊಡ್ತೀನಿ. ಅದು ಮೋಸ ಅಲ್ಲಲ್ಲ?"

ಎರಡು ವರ್ಷದಲ್ಲಿ ಮೊದಲ ಬಾರಿ ಅವಳ ತುಟಿಯ ಅಂಚು ಅವಳಿಗೇ ತಿಳಿಯದೆ ಅಲುಗಿತು. ಅವನು ಅದನ್ನು ನೋಡಿದ. ನೋಡಿದ್ದನ್ನು ಮುಚ್ಚಿಕೊಳ್ಳಲು ಮಂಡಕ್ಕಿಯಲ್ಲಿ ಶೇಂಗಾ ಹುಡುಕತೊಡಗಿದ.

"ದಾವಣಗೆರೆಗೆ ಹೋದ್ರೆ ಅವನು ಇರ್ತಾನೆ," ಎಂದಳು.

"ಇರ್ತಾರೆ. ದಿನಾ ನೀರು ಕೇಳ್ತಾನೇ ಇರ್ತಾರೆ." ಅರ್ಜಿ ಮಡಿಸುತ್ತ ಸೇರಿಸಿದ: "ನನಗೆ ಅವರ ಜಾಗ ಬ್ಯಾಡ ಉಷಾ. ಪಕ್ಕದ ಕುರ್ಚಿ ಕೊಡ್ರಿ, ಸಾಕು."

ಹೆಸರಿನ ಮುಂದೆ 'ರೀ' ಇರಲಿಲ್ಲ. ಇಬ್ಬರಿಗೂ ಅದು ಗೊತ್ತಾಯಿತು.

ಮುಂದಿನ ಹತ್ತು ದಿನ ಅವನು ಅರ್ಜಿಯ ಮಾತೆತ್ತಲಿಲ್ಲ. ಬೆಳಿಗ್ಗೆ ಯಾರು ಮೊದಲು ಬಂದರೆ ಅವರು ಲೋಟ ತುಂಬಿಸಿದರು. ಅವಳು ದಾವಣಗೆರೆಯಲ್ಲಿ ಹಾಸ್ಟೆಲ್ ವಿಚಾರಿಸಿದಳು. ಬಸ್ಸಿನ ಸಮಯ ಬರೆದುಕೊಂಡಳು. ಒಂದು ರಾತ್ರಿ ಕನಸಿನಲ್ಲಿ ಕೆಂಚೇಶ್ ನಲವತ್ತನೇ ವಾಕ್ಯವನ್ನು ಮತ್ತೆ ಮತ್ತೆ ಓದುತ್ತಿದ್ದ. ಬಸ್ಸು ನಿಂತೇ ಇತ್ತು, ಅವಳು "ಇನ್ನೊಂದು" ಎನ್ನುತ್ತಲೇ ಇದ್ದಳು. ಎಚ್ಚರವಾದಾಗ ಅವಳ ಬಾಯಿ ಒಣಗಿತ್ತು. ಅವನನ್ನು ಅಲ್ಲಿ ನಿಲ್ಲಿಸಿಕೊಂಡವಳು ತಾನೇ ಎಂದು ಹಾಸಿಗೆಯಲ್ಲಿ ಎದ್ದು ಕೂತಾಗ ಅವಳಿಗೆ ಅನ್ನಿಸಿತು.

ಮೂವತ್ತರಂದು ಸಂಜೆ ನಾಲ್ಕಕ್ಕೆ ಉಷಾರಾಣಿ 4117 ತೆರೆದಳು.

"ದುರುಗೇಶ್. ಒಂದು ಸಲ ಜೊತೆಗೆ ಕೇಳ್ತೀರಾ?"

ಅವನು ಕುರ್ಚಿ ಎಳೆದುಕೊಂಡ. ತನ್ನ ಇಯರ್‌ಫೋನಿನ ಒಂದು ತುದಿಯನ್ನು ಅವಳು ಅವನಿಗೆ ಕೊಟ್ಟಳು. ವೈರು ಗಿಡ್ಡ, ಭುಜಕ್ಕೆ ಭುಜ ತಾಗಿತು. ಸಂತೆಯ ವಾಕ್ಯ ಬಂತು. ಗಾಳಿ ಬಂತು. ಕೆಂಚೇಶ್ ನೀರು ಕೇಳಿದ. ದುರುಗೇಶ್ ಭುಜವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವಳು ವಾಕ್ಯ ಟೈಪ್ ಮಾಡಿದಳು. ಅಲ್ಲಿಗೆ ನಿಲ್ಲಿಸಿದಳು. ಆಮೇಲೆ ಒಂದೊಂದೇ ಅಕ್ಷರ ಒತ್ತಿ ಬರೆದಳು: ನೀರು ಕೊಡು ಉಷಾ.

ಹೊಂದಿತು. ಪಟ್ಟಿ ಖಾಲಿಯಾಯಿತು.

ಐದಕ್ಕೆ ಪ್ರಮೀಳಾ ಮೇಡಂ ಬೀಗ ಹಿಡಿದು ನಿಂತರು. "ಲೋಟ ಬಿಟ್ಟೀಯಲ್ಲೇ, ತುಂಬಿದ್ದು."

"ಇರ್ಲಿ ಮೇಡಂ. ಅಲ್ಲೇ ಇರ್ಲಿ."

ಅವರು ಒಮ್ಮೆ ಅವಳನ್ನು, ಒಮ್ಮೆ ಲೋಟವನ್ನು ನೋಡಿ ಬಾಗಿಲು ಎಳೆದು ಬೀಗ ಹಾಕಿದರು.

ಮೆಟ್ಟಿಲ ಮೇಲೆ ಉಷಾರಾಣಿ ಅರ್ಜಿ ಕೇಳಿ ಪಡೆದು, ಗೋಡೆಗೆ ಒತ್ತಿ ಹಿಡಿದು ಹೆಸರು ಬರೆದಳು.

"ಪೆನ್ನಿನಾಗೆ ಬರೆದ್ರಿ. ಅಳಿಸಾಕೆ ಬರಲ್ಲ," ಎಂದ ದುರುಗೇಶ್. ದನಿ ಅಷ್ಟು ಗಟ್ಟಿಯಿರಲಿಲ್ಲ.

"ಗೊತ್ತು," ಎಂದಳು. "ಗಂಜಿ ಮಾಡಾಕೆ ನಿಜವಾಗ್ಲೂ ಬರ್ತೈತಾ?"

"ಕಲೀತೀನಿ."

ಮುಂದಿನ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ನ್ಯಾಮತಿಯಲ್ಲಿ, ಅರ್ಪಿತಾಳ ಮನೆಯ ಮುಂದಿನ ಕೋಣೆಯ ಮೇಜಿನ ಮೇಲೆ ಉಷಾರಾಣಿ ಎರಡು ಲೋಟ ನೀರು ತಂದಿಟ್ಟಳು. ಎರಡನೆಯದನ್ನು ದುರುಗೇಶ್ ಕುಡಿದ.