ಕಲ್ಲುಮುಡಿಯ ನುಸುಳುಗ

ಟಿಕ್.

ರಾತ್ರಿ ಬಹಳ ಹೊತ್ತಾದ ಮೇಲೆ ಡೇರೆಯ ಹೊರಗೆ ಕೇಳಿಸಿದ್ದು ಅಷ್ಟೇ. ಸಂಶೋಧಕಿ ಹೈಮವತಿಗೆ ಅಷ್ಟು ಸಾಕಾಗಿತ್ತು. ಉಸಿರೋದುಗ ಪೆಟ್ಟಿಗೆಯ ಬಾಗಿಲು ಮುಚ್ಚಿಕೊಂಡಿತ್ತು. ಅವಳು ಟಾರ್ಚ್ ಹಿಡಿದು ಓಡಿದಳು. ಹಿಂದೆಯೇ ಜೀಪಿನ ಚಾಲಕ ಸಿದ್ದಶೆಟ್ಟಿ ಕಂಬಳಿ ಸಮೇತ ಬಂದ.

ಕಲ್ಲುಮುಡಿ ಬೆಟ್ಟದ ಕಾಡಿನಲ್ಲಿ ಇಲಿ, ಸೊಂಡಿಲಿಗಳನ್ನು ಹಿಡಿಯಲು ಈಗ ಬರೀ ಬೋನುಗಳನ್ನು ಇಡುತ್ತಿರಲಿಲ್ಲ. ಈ ಪೆಟ್ಟಿಗೆ ಒಳಗೆ ಸಿಕ್ಕ ಪ್ರಾಣಿಯ ಉಸಿರನ್ನು ಓದುತ್ತಿತ್ತು. ಪರಿಚಿತ ಜೀವಿಯಾದರೆ ಹಸಿರು ದೀಪ ಹೊತ್ತಿ ಬಾಗಿಲು ತೆರೆದುಕೊಳ್ಳುತ್ತಿತ್ತು. ಅಪರಿಚಿತವಾದರೆ ಕೆಂಪು ದೀಪ. ಆಮೇಲೆ ಖಚಿತಪಡಿಸಿಕೊಳ್ಳಲು ಇನ್ನೊಮ್ಮೆ ಉಸಿರು ಓದಿ, ಆಗಲೂ ಅಪರಿಚಿತವೇ ಆದರೆ ವಿಷಾನಿಲ ಬಿಡುತ್ತಿತ್ತು. ದೇಹವಿಲ್ಲದೆ ಹೊಸ ಜೀವಿಗೆ ಹೆಸರಿಲ್ಲ ಎಂಬುದು ಸಂಶೋಧನಾ ಕೇಂದ್ರದ ನಿಯಮ. ಸಂಶೋಧಕರ ಮನಸ್ಸು ಕರಗೀತೆಂದು ಪೆಟ್ಟಿಗೆಗೆ ನಿಲ್ಲಿಸುವ ಗುಂಡಿಯನ್ನೇ ಇಟ್ಟಿರಲಿಲ್ಲ.

ದೀಪ ಕೆಂಪಾಗಿತ್ತು.

"ಹೊಡುದ್ರಲ್ಲ ಲಾಟ್ರಿಯಾ! ಇನ್ನು ಇಲಿಗೂ ನಿಮ್ಮೆಸ್ರೇ ಕಣ ಮೇಡಮ್ಮೋರೆ," ಎಂದ ಸಿದ್ದಶೆಟ್ಟಿ.

ಹೊಸ ಜೀವಿ ಸಿಗದಿದ್ದರೆ ಅವಳನ್ನು ಬೆಟ್ಟದಿಂದ ಇಳಿಸಿ ಕಚೇರಿಯ ಮೇಜಿಗೆ ಕಳಿಸುವುದಾಗಿ ಕೇಂದ್ರ ತಿಳಿಸಿತ್ತು. ಹೈಮವತಿ ಪೆಟ್ಟಿಗೆಯ ಗಾಜಿನೊಳಗೆ ಟಾರ್ಚಿನ ಬೆಳಕು ಬಿಟ್ಟಳು. ಬೂದುಬಣ್ಣದ ಸೊಂಡಿಲಿ. ಅದರ ಬಾಲವನ್ನು ಒಂದು ಮರಿ ಕಚ್ಚಿ ಹಿಡಿದಿತ್ತು, ಆ ಮರಿಯ ಬಾಲವನ್ನು ಇನ್ನೊಂದು. ತಾಯಿ ಮೂಲೆಯಿಂದ ಮೂಲೆಗೆ ಓಡಿದಂತೆಲ್ಲ ಸಾಲೂ ಓಡುತ್ತಿತ್ತು.

"ಅಯ್ಯೋ, ಸಂಸಾರಸ್ಥೆ," ಎಂದ ಅವನ ದನಿ ಇಳಿಯಿತು. "ಬುಟ್ಬುಡಿ ಮೇಡಮ್ಮೋರೆ."

"ನನ್ನ ಕೈಲಿದ್ದರೆ ತಾನೇ!"

ಥಟ್ಟನೆ ಅವಳಿಗೆ ನುಸುಳುಗ ನೆನಪಾಯಿತು.

ಸಿದ್ದಶೆಟ್ಟಿಗೆ ಒಂದು ಅಭ್ಯಾಸವಿತ್ತು. ಇಡುವ ಮೊದಲು ಪ್ರತಿ ಪೆಟ್ಟಿಗೆಯ ಗಾಳಿಕಿಂಡಿಗೂ ಬಾಯಿಟ್ಟು, ಇರುವೆ ಹೋಗಲೆಂದು 'ಉಫ್' ಎಂದು ಊದುತ್ತಿದ್ದ. ಮನುಷ್ಯರ ಉಸಿರನ್ನು ಯಂತ್ರಕ್ಕೆ ಯಾರೂ ಕಲಿಸಿರಲಿಲ್ಲ. ಹೊಗೆಸೊಪ್ಪಿನ ಆ ಉಸಿರು ಪೆಟ್ಟಿಗೆ ಪೆಟ್ಟಿಗೆಯಲ್ಲೂ ಸಿಕ್ಕಿತು. ಪ್ರಾಣಿ ಮಾತ್ರ ಸಿಗಲಿಲ್ಲ. ದೇಹ ಸಿಗುವವರೆಗೆ ಇರಲೆಂದು ಕೇಂದ್ರ ಅದಕ್ಕೆ 'ಕಲ್ಲುಮುಡಿಯ ನುಸುಳುಗ' ಎಂಬ ಅಡ್ಡಹೆಸರಿಟ್ಟಿತು, ಬೆಟ್ಟದಲ್ಲಿ ಯಥೇಚ್ಛವಾಗಿದೆ ಎಂದು ಹಸಿರು ದೀಪದ ಬಿಡುಗಡೆ ಪಟ್ಟಿಗೂ ಸೇರಿಸಿತು. ಅದು ನಮ್ಮ ಚಾಲಕ ಎಂದು ಅವಳು ವಿವರಿಸಿದಾಗ, ಯಂತ್ರ ತಪ್ಪುವುದಿಲ್ಲ ಎಂಬ ಉತ್ತರ ಬಂದಿತ್ತು.

"ಸಿದ್ದಶೆಟ್ರೆ, ಊದಿ!"

"ಏನ?"

"ಕಿಂಡಿಗೆ ಊದಿ, ಬೇಗ!"

ಅವನು ಮಂಡಿಯೂರಿ ಊದಿದ. ಪೆಟ್ಟಿಗೆ ಗುಂಯ್‌ಗುಟ್ಟಿತು. ಕೆಂಪು ದೀಪ ಹಾಗೇ ಇತ್ತು. ಇನ್ನೊಮ್ಮೆ ಊದಿದ, ಕೆಮ್ಮಿದ.

ಹಸಿರು.

ಬಾಗಿಲು ತೆರೆಯಿತು. ತಾಯಿ ಹೊರಟಿತು. ಸಾಲು ಕಳಚದೆ ತರಗೆಲೆಗಳ ಅಡಿಯಲ್ಲಿ ಮರೆಯಾಯಿತು.

ಬೆಳಿಗ್ಗೆ ನಿರ್ದೇಶಕರು ಕರೆ ಮಾಡಿದರು. "ಕೆಂಪು ದೀಪ ಹೇಗೆ ಹಸಿರಾಯಿತು, ಹೈಮವತಿ?"

"ಯಂತ್ರ ಏನು ಹೇಳುತ್ತದೆ, ಸರ್?"

"ನುಸುಳುಗ ಅನ್ನುತ್ತದೆ."

"ಯಂತ್ರ ತಪ್ಪುವುದಿಲ್ಲವಲ್ಲ, ಸರ್."

"ಹಾಗಾದರೆ ತಿಂಗಳ ಕೊನೆಗೆ ಇಳಿದು ಬನ್ನಿ."

"ಬರುತ್ತೇನೆ."

ಕರೆ ಮುಗಿಯಿತು. "ನಮ್ಮನೆಯವ್ಳಿಗೂ ಹೇಳ್ಬಾರ್ದಾ?" ಎಂದು ನುಸುಳುಗ ಕೇಳಿದ, ಎಲೆಗೆ ಸುಣ್ಣ ಹಚ್ಚುತ್ತ.

"ಅವರಿಗೂ ಬೇಡ."

ಹೆಸರಿಲ್ಲದ್ದನ್ನು ಯಾರೂ ಹುಡುಕಿಕೊಂಡು ಬರಲಾರರು. ತಾನೂ ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿ, ಹೈಮವತಿ ಖಾಲಿ ಪೆಟ್ಟಿಗೆಯನ್ನು ಜೀಪಿಗೇರಿಸಿದಳು.