ಪೊಲೀಸ್ ಚಿದಾನಂದ ಹೆಂಗ ನಡೀತಿದ್ದ?

"ಎಷ್ಟೊತ್ತು ಸಾಯ್ತೀ ಬೇ ಕಾವೇರಿ? ಲಗೂನ ಸಾಯಿ," ಅಂದ ಅಜಯ.

ಕಾವೇರಿಗೆ ಸಾಯುವ ಅವಸರವೇನೂ ಇರಲಿಲ್ಲ. ಎದೆಗೆ ಗುಂಡು ಬಿದ್ದ ಮೇಲೆ ಅವಳು ಆ ಕಡೆ ಈ ಕಡೆ ತೂರಾಡಿದ್ದಳು. ಬೇವಿನ ಮರ ಹಿಡಿದು ನಿಂತಿದ್ದಳು. "ಜೈ ಹಿಂದ್" ಅಂದು ಬಿದ್ದಿದ್ದಳು. ಈಗ ಮತ್ತೆ ಎದ್ದು ಕೂತು, "ನಮ್ಮವ್ವಗ ಹೇಳ್ರಿ..." ಎಂದು ಶುರು ಮಾಡಿದ್ದಳು.

"ಒಮ್ಮೆ ಸತ್ತ ಮ್ಯಾಲ ಮತ್ತ ಏಳಾಕ ಬರೂದಿಲ್ಲ."

"ಪಿಕ್ಚರ್‌ನ್ಯಾಗ ಏಳ್ತಾರಲ್ಲ?"

ಬಾಳುನ ಕೈಯಲ್ಲಿ ಕುಂಕುಮದ ನೀರು ತುಂಬಿದ್ದ ಪ್ಲಾಸ್ಟಿಕ್ ಚೀಲವಿತ್ತು. ಗುಂಡು ಬಿದ್ದ ಕೂಡಲೇ ಅದನ್ನು ಒಡೆಯುವುದು ಅವನ ಕೆಲಸ. ಅವನು ಒಡೆದಿದ್ದ, ಆದರೆ ಕಾವೇರಿಯ ಬೆನ್ನಿನ ಮೇಲೆ.

"ಲೇ ಬಾಳು, ಗುಂಡು ಬಿದ್ದಿದ್ದು ಎದಿಗೆ. ರಕ್ತ ಬೆನ್ನಿಗೆ ಯಾಕ ಬಂತು?"

ಬಾಳು ಸ್ವಲ್ಪ ಯೋಚಿಸಿದ. "ಆರಪಾರ ಹೋಗೈತಿ," ಅಂದ.

ಜನವರಿ ಇಪ್ಪತ್ತಾರಕ್ಕೆ ಅವರ ಶಾಲೆಯ ಹೊಸ ಗೇಟಿಗೆ ಪೊಲೀಸ್ ಚಿದಾನಂದನ ಹೆಸರಿಡುವುದಿತ್ತು. ಚಿದಾನಂದ ಚಿಕ್ಕವನಿದ್ದಾಗ ಇದೇ ಶಾಲೆಯಲ್ಲಿ ಓದಿದವನು. ಎರಡು ವರ್ಷದ ಹಿಂದೆ ಘಟಪ್ರಭಾ ಹೊಳೆ ಉಕ್ಕಿ ಮುಧೋಳದ ಹತ್ತಿರದ ಸಣ್ಣ ಸೇತುವೆ ಮುಳುಗಿದಾಗ, ಅಲ್ಲಿ ಸಿಕ್ಕಿಕೊಂಡ ಜನರನ್ನು ಹೊರಗೆ ತರಲು ಹೋಗಿ ಅವನು ನೀರು ಪಾಲಾಗಿದ್ದ. "ಅವರ ಮ್ಯಾಲ ಒಂದು ಸಣ್ಣ ನಾಟಕ ಮಾಡ್ರಿ," ಎಂದು ಪ್ರತಿಮಾ ಟೀಚರ್ ಐದನೇ ಕ್ಲಾಸಿಗೆ ಹೇಳಿದ್ದರು.

ಅಜಯನಿಗೆ ಹೊಳೆಯ ಕತೆ ಹಿಡಿಸಲಿಲ್ಲ. "ನೀರಾಗ ಹೋದ ಅಂದ್ರ ಫೈಟಿಂಗೇ ಇಲ್ಲ," ಅಂದ. ಅದಕ್ಕೆ ಅವನು ಹೊಳೆ ತೆಗೆದು ಬ್ಯಾಂಕ್ ಹಾಕಿದ. ಬ್ಯಾಂಕಿಗೊಬ್ಬ ಕಳ್ಳ ಬೇಕಲ್ಲ, ಆ ಕಳ್ಳ ತಾನೇ ಆದ. ಹೋಳಿ ಹಬ್ಬದ ಪಿಚಕಾರಿ ಅವನ ಪಿಸ್ತೂಲಾಯಿತು. ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ ಇದ್ದವಳು ಕಾವೇರಿ. ಅವಳಪ್ಪ ಬಸ್ ಕಂಡಕ್ಟರ್, ಮನೆಯಲ್ಲಿ ಖಾಕಿ ಅಂಗಿ ಇತ್ತು. ಹಾಗಾಗಿ ಅವಳೇ ಪೊಲೀಸ್. ಅಂಗಿ ಮೊಣಕಾಲಿನವರೆಗೆ ಬರುತ್ತಿತ್ತು, ಅಷ್ಟೇ.

"ಇನ್ನೊಮ್ಮೆ," ಅಂದ ಅಜಯ. ಪಿಚಕಾರಿ ಎತ್ತಿದ. "ಢಂ!"

ಕಾವೇರಿ ಈ ಸಲ ಚೆನ್ನಾಗಿ ಸತ್ತಳು. ಮಣ್ಣಿನಲ್ಲಿ ಕೈಕಾಲು ಚಾಚಿ, ನಾಲಿಗೆ ಹೊರಗೆ ಹಾಕಿ ಮಲಗಿದಳು.

"ಯಾರಪ್ಪಾ ಅಂವ, ಸಾಯಾಕತ್ತಾಂವ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಪೊಲೀಸ್ ಚಿದಾನಂದರಿ," ಅಂದ ಬಾಳು. ಆಮೇಲೆ ತಿರುಗಿ ನೋಡಿದ. ಕೈಯಲ್ಲಿದ್ದ ಚೀಲ ಜಾರಿ ಕೆಳಗೆ ಬಿತ್ತು.

ಶಾಲೆಯ ಹಿಂದಿನ ದಾರಿಯಲ್ಲಿ ಕಸ್ತೂರೆವ್ವ ನಿಂತಿದ್ದಳು. ತಲೆಯ ಮೇಲೆ ಎಮ್ಮೆಗೆಂದು ತಂದ ಕಬ್ಬಿನ ಸೋಗೆಯ ಹೊರೆ. ಅವಳು ಚಿದಾನಂದನ ತಾಯಿ.

ಕಾವೇರಿ ಒಂದು ಕಣ್ಣು ತೆರೆದಳು. ಎದ್ದರೂ ತಪ್ಪು ಅನ್ನಿಸಿತು. ಮಲಗಿದ್ದರೆ ಇನ್ನೂ ತಪ್ಪು ಅನ್ನಿಸಿತು. ಹೊರಗಿದ್ದ ನಾಲಿಗೆಯನ್ನು ಮಾತ್ರ ಮೆಲ್ಲಗೆ ಒಳಗೆ ಎಳೆದುಕೊಂಡಳು.

ಕಸ್ತೂರೆವ್ವ ಅವಳನ್ನೇ ನೋಡಿದಳು. "ಅಂಗಿ ಕೆಂಪಗಾಗೈತಿ," ಅಂದಳು. "ಬಿಸಿಲು ಇರೂದ್ರಾಗ ತೊಳಕೋ ಯವ್ವಾ. ಆಮ್ಯಾಲ ಕಲಿ ಹೋಗೂದಿಲ್ಲ." ಅಷ್ಟು ಹೇಳಿ ಹೊರೆ ಸರಿಮಾಡಿಕೊಂಡು ಹೋದಳು.

ಬಿದ್ದ ಚೀಲ ಎತ್ತಿಕೊಳ್ಳುತ್ತಾ ಬಾಳು ಕೇಳಿದ, "ಬೈಲಿಲ್ಲಲ್ಲ. ಅಂದ್ರ ಸಿಟ್ಟಿಲ್ಲೇನ?"

ಬೈದಿದ್ದರೆ ಚೆನ್ನಾಗಿತ್ತು ಎಂದು ಕಾವೇರಿಗೆ ಅನ್ನಿಸಿತು.

ಮನೆಯಲ್ಲಿ ಅವ್ವ ಅಂಗಿ ಎತ್ತಿ ಹಿಡಿದು ನೋಡಿದಳು. "ನಾಳಿ ನಿಮ್ಮಪ್ಪ ಇದನ್ನ ಹಾಕ್ಕೊಂಡು ಹೋದ್ರ ಬಸ್ಸಿನ್ಯಾಗ ಯಾರು ಟಿಕೆಟ್ ತಗೋತಾರ? ಎಲ್ಲಾರೂ ಇಳದು ಓಡ್ತಾರ," ಅಂದಳು. ಬೇರೆ ದಿನವಾದರೆ ಕಾವೇರಿ ಬಿದ್ದು ಬಿದ್ದು ನಗುತ್ತಿದ್ದಳು. ಅವತ್ತು ಸುಮ್ಮನೆ ಸಾಬೂನು ತಗೊಂಡು ಕೂತಳು.

ಮಾರನೇ ದಿನ ಶಾಲೆ ಬಿಟ್ಟ ಮೇಲೆ ಕಾವೇರಿ ಒಬ್ಬಳೇ ಕಸ್ತೂರೆವ್ವನ ಮನೆಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು. ಅಂಗಳಕ್ಕೆ ಕಾಲಿಟ್ಟ ಕೂಡಲೇ ಮರೆತುಹೋಯಿತು.

ಕಸ್ತೂರೆವ್ವ ಎಮ್ಮೆ ಹಿಂಡುತ್ತಿದ್ದಳು. "ಬಂದಿ? ಛಲೋ ಆತು. ಆ ಕರಾ ಹಿಡಿ. ಹಗ್ಗಾ ಬಿಚ್ಚಿಕೊಂಡು ಬರಾಕತೈತಿ ನೋಡು."

ಕಾವೇರಿ ಕರುವಿನ ಹಗ್ಗ ಹಿಡಿದಳು. ಕರು ಅವಳನ್ನೇ ಎಳೆದುಕೊಂಡು ಅಂಗಳ ಸುತ್ತಿತು.

"ಆಯಿ, ನಾ ಆ ಪಾರ್ಟ್ ಮಾಡೂದಿಲ್ಲರಿ," ಅಂದಳು ಕಾವೇರಿ, ಸುತ್ತುತ್ತಲೇ.

"ಯಾಕ?"

"ನಿನ್ನೆ ನೀವು ನೋಡಿದ್ರಲ್ಲರಿ. ಕಾಕಾಗ ಯಾರೂ ಗುಂಡು ಹೊಡದಿಲ್ಲ. ನಾವ ಸುಳ್ಳ ಹಾಕೇವಿ."

ಕಸ್ತೂರೆವ್ವ ಹಾಲಿನ ಚರಿಗೆ ಪಕ್ಕಕ್ಕಿಟ್ಟಳು. ಕರುವನ್ನು ಗೂಟಕ್ಕೆ ಕಟ್ಟಿ ಬಂದು ಕಟ್ಟೆಯ ಮೇಲೆ ಕೂತಳು. "ಸಾಯೂದು ಇರ್ಲಿ. ಅಂವ ನಡಿಯೂದು ಹೆಂಗ ಮಾಡೀದಿ? ತೋರ್ಸು ನೋಡೋಣ."

ಕಾವೇರಿ ಎದೆ ಉಬ್ಬಿಸಿ, ಕೈ ಬೀಸುತ್ತಾ ಎಡ-ಬಲ ಎಡ-ಬಲ ನಡೆದಳು.

"ಯಾರ ಇಂವ?"

"ಚಿದಾನಂದ ಕಾಕಾರಿ."

"ಅಲ್ಲ ಬಿಡು. ನನ್ನ ಮಗಗ ಇಷ್ಟ ಹೊಟ್ಟಿ ಇತ್ತು." ಕಸ್ತೂರೆವ್ವ ಕೈಯಿಂದ ಅಳತೆ ತೋರಿಸಿದಳು. "ಬೆಲ್ಟ್ ನಿಲ್ತಿರಲಿಲ್ಲ. ನಡಕೋತ ನಡಕೋತ ಮ್ಯಾಲ ಎಳಕೋತಿದ್ದ. ಬೂಟ್ ಅಂತೂ ಕನ್ನಡಿ ಇದ್ದಂಗ. ಹಾದ್ಯಾಗ ಸಗಣಿ ಕಂಡ್ರ ಸಣ್ಣ ಹುಡುಗನಂಗ ಜಿಗಿತಿದ್ದ."

ಹೇಳಿದ್ದು ಸಾಲದೆಂದು ಅವಳೇ ಎದ್ದಳು. ಸೀರೆಯ ನಿರಿಗೆ ಒಂದು ಕೈಯಲ್ಲಿ ಹಿಡಿದು, ಇಲ್ಲದ ಬೆಲ್ಟನ್ನು ಇನ್ನೊಂದು ಕೈಯಲ್ಲಿ ಮೇಲೆಳೆದು, ಅಂಗಳದಲ್ಲಿ ನಡೆದಳು. ಎಮ್ಮೆಯ ಸಗಣಿ ಬಂದಾಗ ಟಣ್ಣನೆ ಜಿಗಿದಳು. ಆಮೇಲೆ ಎಮ್ಮೆಯ ಕಡೆ ಬೆರಳು ತೋರಿಸಿ, ದಪ್ಪ ದನಿಯಲ್ಲಿ, "ನಿನ್ನ ಮ್ಯಾಲ ಕೇಸ್ ಹಾಕ್ತೇನಿ ನೋಡು," ಅಂದಳು.

ಕಾವೇರಿ ಕಿಸಕ್ಕನೆ ನಕ್ಕಳು. ಆಮೇಲೆ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು.

"ನಗು. ಅಂವನ್ನ ನೋಡಿ ನಾನೂ ನಗತಿದ್ದೆ. ಎಲ್ಲಾರಿಗೂ ಹಂಗ ಅಂತಿದ್ದ. ಕೇಸ್ ಮಾತ್ರ ಯಾರ ಮ್ಯಾಲೂ ಹಾಕಲಿಲ್ಲ."

ಬಿಸಿ ಹಾಲು ಕೊಟ್ಟು ಕಸ್ತೂರೆವ್ವ ಆ ದಿನದ ಕತೆ ಹೇಳಿದಳು. ಸೇತುವೆಯ ನಡುವೆ ಒಂದು ಟೆಂಪೊ ನಿಂತುಬಿಟ್ಟಿತ್ತು. ಚಿದಾನಂದ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೋಗಿ, ಒಬ್ಬೊಬ್ಬರನ್ನೇ ದಂಡೆಗೆ ತಂದ. ಒಬ್ಬ ಮುದುಕಿ ಮಾತ್ರ ಬರಲು ಒಪ್ಪಲಿಲ್ಲ. ಅವಳ ಹತ್ತಿರ ಒಂದು ಆಡು ಇತ್ತು.

"ಆಡು ಬಿಟ್ಟ ಬರೂದಿಲ್ಲ ಅಂದ್ಲಂತ. ಇಂವ ಏನ ಮಾಡ್ಯಾನು? ಮುದುಕಿ ಕೈ ಹಿಡದಾನ, ಆಡು ಹೆಗಲ ಮ್ಯಾಲ ಹೊತ್ತಾನ. ದಂಡಿಗೆ ಬರೂತನಾ ಆಡಿಗೆ ಬೈಕೋತ ಬಂದಾನ. ಆ ಮುದುಕೀನ ನಮ್ಮನಿಗೆ ಬಂದು ಹೇಳಿದ್ಲು."

"ಆಮ್ಯಾಲರಿ?"

"ಡ್ರೈವರ್ ಒಬ್ಬ ಉಳಿದಿದ್ದ. ಅಂವನ್ನ ಕರಕೊಂಡ ಬರಾಕ ಮತ್ತ ಹೋದ. ಡ್ರೈವರ್ ಹಗ್ಗಾ ಹಿಡಕೊಂಡು ಬಂದ. ಸೊಂಟದ ಗಂಟು ಬಿಚ್ಚಿತ್ತಂತ, ಇಂವ ಬರಲಿಲ್ಲ."

ಎಮ್ಮೆ ಸೋಗೆ ಮೆಲ್ಲುವ ಸದ್ದು ಕೇಳುತ್ತಿತ್ತು. ಕಸ್ತೂರೆವ್ವ ಲೋಟ ತಗೊಂಡು ಎದ್ದಳು. "ಪಾರ್ಟ್ ಮಾಡು ನೀ. ನೀರಾಗ ಬೀಳೂದೊಂದು ತೋರಸಬ್ಯಾಡ್ರಿ. ಅಂವ ಹೋಗೂತನಾ ಇರ್ಲಿ."

ಪಿಸ್ತೂಲು ಹೋಯಿತು ಎಂದು ಕೇಳಿ ಅಜಯ ಮುಖ ಊದಿಸಿಕೊಂಡ. "ಹಂಗಾರ ನಾ ಯಾರು? ನೀರೇನು?"

"ನೀನು ಆಡಿನ ಮುದುಕಿ," ಅಂದಳು ಕಾವೇರಿ.

"ನಾ ಹೆಣ್ಣ ಆಗೂದಿಲ್ಲ."

"ನಾ ಗಂಡ ಆಗಿಲ್ಲೇನು? ಎಲ್ಲಾರಕಿಂತ ಹೆಚ್ಚು ಡೈಲಾಗ್ ಮುದುಕೀವ ಅದಾವ. ಪೊಲೀಸನ ಜೋಡಿ ಜಗಳಾನೂ ಐತಿ."

ಅಜಯ ಮರುದಿನ ತನ್ನ ಅಜ್ಜಿಯ ಇಳಕಲ್ ಸೀರೆ ತಂದ. ಬಾಳು ಎಲ್ಲರಿಗಿಂತ ಚಿಕ್ಕವನು, ಹಗುರ. ಅವನು ಯಾರೂ ಹೇಳುವ ಮೊದಲೇ "ಮ್ಯಾ" ಅಂದ. ಪ್ರತಿಮಾ ಟೀಚರ್ ಹೊಸ ಕತೆ ಕೇಳಿ, "ಇದನ್ನ ಮಾಡ್ರಿ," ಅಂದರು.

ಇಪ್ಪತ್ತಾರಕ್ಕೆ ಶಾಲೆಯ ಅಂಗಳ ತುಂಬಿತ್ತು. ಧ್ವಜ ಹಾರಿಸಿದ್ದಾಯಿತು, ಹೊಸ ಗೇಟಿನ ರಿಬ್ಬನ್ ಕತ್ತರಿಸಿದ್ದಾಯಿತು. ಮುಂದಿನ ಸಾಲಿನಲ್ಲಿ ಠಾಣೆಯ ಸಾಹೇಬರು, ಚಿದಾನಂದನ ಜೊತೆ ಕೆಲಸ ಮಾಡಿದ ಪೊಲೀಸರು, ಅವರ ನಡುವೆ ಕಸ್ತೂರೆವ್ವ. ವೇದಿಕೆಯ ಮೇಲೆ ಎರಡು ಬೆಂಚು ಸೇತುವೆಯಾಗಿದ್ದವು. ಹುಡುಗಿಯರಿಬ್ಬರು ನೀಲಿ ಸೀರೆ ಅಲ್ಲಾಡಿಸಿದರು, ಅದು ಹೊಳೆ.

ಕಾವೇರಿ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಬಂದಳು. ಬೆಲ್ಟ್ ಮೇಲೆಳೆದುಕೊಂಡಳು. ಎರಡು ಹೆಜ್ಜೆ ನಡೆದು, ಇಲ್ಲದ ಸಗಣಿಯನ್ನು ಜಿಗಿದು ದಾಟಿದಳು.

ಮುಂದಿನ ಸಾಲಿನಲ್ಲಿ ದಪ್ಪ ಮೀಸೆಯ ಪೊಲೀಸೊಬ್ಬರು, "ಅಯ್ಯ, ಚಿದ್ಯಾ," ಅಂದರು. ಪಕ್ಕದವರು ನಗಲು ಶುರು ಮಾಡಿದರು.

"ಬಾ ಆಯಿ, ನೀರು ಏರಾಕತೈತಿ," ಅಂದಳು ಕಾವೇರಿ.

"ನನ್ನ ಆಡು ಬಿಟ್ಟು ನಾ ಬರೂದಿಲ್ಲ. ನೀ ಬೇಕಾದ್ರ ಹೋಗು," ಅಂದ ಅಜಯ, ಸೆರಗು ಜಾಡಿಸಿ. ಆಮೇಲೆ ಕಲಿತಿದ್ದಕ್ಕಿಂತ ನಾಲ್ಕು ಮಾತು ಹೆಚ್ಚೇ ಜಗಳವಾಡಿದ.

ಕಾವೇರಿ ಬಾಳುನನ್ನು ಹೆಗಲ ಮೇಲೆ ಹೊತ್ತಳು. ಬಾಳುಗೆ ಜನರ ನಗು ತಲೆಗೇರಿತ್ತು. ದಾಟುವಾಗ ಮೈಕಿಗೆ ಕಟ್ಟಿದ್ದ ಚೆಂಡುಹೂವಿನ ಹಾರಕ್ಕೆ ಬಾಯಿ ಹಾಕಿ ಜಗ್ಗಿದ. ಹಾರ ಹರಿಯಿತು, ಮೈಕು ಕುಂಯ್ ಎಂದಿತು. ಇದು ನಾಟಕದಲ್ಲಿ ಇರಲಿಲ್ಲ. ಕಾವೇರಿ ಬೆರಳೆತ್ತಿ, ದಪ್ಪ ದನಿಯಲ್ಲಿ, "ಲೇ ಆಡೇ, ಸರಕಾರಿ ಹೂವು ತಿಂತೀ? ನಿನ್ನ ಮ್ಯಾಲ ಕೇಸ್ ಹಾಕ್ತೇನಿ ನೋಡು," ಅಂದಳು.

ಅಂಗಳಕ್ಕೆ ಅಂಗಳವೇ ನಕ್ಕಿತು. ಸಾಹೇಬರು ಟೋಪಿ ತೆಗೆದು ನಕ್ಕರು. ಕಸ್ತೂರೆವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು, ಕಣ್ಣಿನಿಂದ ನೀರು ಬರುತ್ತಿತ್ತು.

ಕಾವೇರಿ ಆಡನ್ನೂ ಮುದುಕಿಯನ್ನೂ ದಂಡೆಗೆ ಬಿಟ್ಟಳು. ಸೊಂಟದ ಹಗ್ಗ ಬಿಗಿ ಮಾಡಿಕೊಂಡಳು. "ಡ್ರೈವರ್ ಉಳದಾನ," ಎಂದು, ಬೆಂಚುಗಳ ಮೇಲೆ ನಡೆದು ಪರದೆಯ ಹಿಂದೆ ಹೋದಳು.

ಪರದೆಯಿಂದ ಡ್ರೈವರ್ ಪಾರ್ಟಿನ ಹುಡುಗ ಹಗ್ಗ ಹಿಡಿದುಕೊಂಡು ಹೊರಗೆ ಬಂದ. ದಂಡೆಗೆ ಬಂದು ಹಗ್ಗ ಎಳೆದ. ಎಳೆದ, ಎಳೆದ. ಅದರ ಬರಿ ತುದಿ ಬಂತು. ಹುಡುಗಿಯರು ನೀಲಿ ಸೀರೆ ಅಲ್ಲಾಡಿಸುವುದನ್ನು ನಿಲ್ಲಿಸಿದರು.

ನಾಟಕ ಅಲ್ಲಿಗೆ ಮುಗಿಯಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಬಾಳು ಪರದೆಯ ಹಿಂದೆ ಓಡಿ ಬಂದ. "ಹೊರಗ ಬಾ ಬೇ ಕಾವೇರಿ. ನಮಸ್ಕಾರ ಮಾಡೂದೈತಿ. ಎಲ್ಲಾರೂ ಈ ಕಡೆನ ನೋಡಾಕತ್ತಾರ."

ಕಾವೇರಿ ಪರದೆಯ ಸಂದಿಯಿಂದ ನೋಡಿದಳು. ಹೌದು, ಎಲ್ಲರೂ ನೋಡುತ್ತಿದ್ದರು. ದಪ್ಪ ಮೀಸೆಯ ಪೊಲೀಸು ಕುರ್ಚಿಯ ತುದಿಗೆ ಬಂದು ಕೂತಿದ್ದರು. ಕಸ್ತೂರೆವ್ವ ಕತ್ತು ಸ್ವಲ್ಪ ಮುಂದೆ ಮಾಡಿ, ಪರದೆಯನ್ನೇ ನೋಡುತ್ತಿದ್ದಳು.

ಅವರು ಕಾಯುತ್ತಿರುವುದು ತನಗಾಗಿ ಅಲ್ಲ ಎಂದು ಕಾವೇರಿಗೆ ಗೊತ್ತಾಯಿತು.

ಅವಳು ಬಾಳುನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ಇಬ್ಬರೂ ಪರದೆಯ ಹಿಂದೆ, ಸದ್ದು ಮಾಡದೆ ನಿಂತರು.